ಮಾದರಿ ಬಸ್ಸಿಗೂ ಗಂಡಭೇರುಂಡ ಬೇಕು

ಮಾನ್ಯ ಸಂಪಾದಕರೇ,

ನಮ್ಮ ಬೀದಿಯಲ್ಲಿ ಒಬ್ಬರು ನಿವೃತ್ತ ಬಸ್ ಡ್ರೈವರ್ ಇದ್ದಾರೆ. ಬಿಡುವಾದಾಗ ನಾನು ಫೋಮ್ ಶೀಟ್ ಕತ್ತರಿಸಿ ಬಸ್ಸಿನ ಮಾದರಿ ಮಾಡುವುದು ಅವರಿಗೆ ಗೊತ್ತು. "ನಾನು ಕೊನೆಗೆ ಓಡಿಸಿದ ಕೆಂಪು ಬಸ್ಸನ್ನ ಒಂದು ಮಾಡಿಕೊಡಪ್ಪ, ಶೋಕೇಸಲ್ಲಿ ಇಟ್ಕೋತೀನಿ" ಅಂದರು. ಒಪ್ಪಿಕೊಂಡೆ. 1:24 ಅಳತೆ, ಅಂದರೆ ಹನ್ನೆರಡು ಮೀಟರಿನ ಬಸ್ಸು ಅರ್ಧ ಮೀಟರಿಗೆ ಇಳಿಯುತ್ತದೆ. ಎರಡು ತಿಂಗಳು ರಾತ್ರಿ ಕೂತು ಸೀಟು, ಕಿಟಕಿಯ ಸರಳು, ಹಿಂದಿನ ಏಣಿ ಎಲ್ಲಾ ಮುಗಿಸಿದೆ. ಉಳಿದದ್ದು ಅಕ್ಷರ ಮತ್ತು ಲಾಂಛನ ಮಾತ್ರ. ಕೆಂಪಿನ ಮೇಲೆ ಬಿಳಿ ಅಕ್ಷರ ಬರಬೇಕು, ಮನೆಯ ಪ್ರಿಂಟರ್‌ನಲ್ಲಿ ಬಿಳಿ ಶಾಯಿ ಇರುವುದಿಲ್ಲ, ಹಾಗಾಗಿ ಅಂಗಡಿಗೇ ಹೋಗಬೇಕು. ಪೆನ್‌ಡ್ರೈವ್ ಹಿಡಿದು ಹೋದರೆ ಅಂಗಡಿಯವರು ಸ್ಕ್ರೀನ್ ಮೇಲೆ ಗಂಡಭೇರುಂಡ ಕಂಡ ತಕ್ಷಣ ತಲೆ ಅಲ್ಲಾಡಿಸಿದರು. "ಇದು ರಿಜಿಸ್ಟರ್ ಆಗಿರೋ ಮಾರ್ಕ್ ಸರ್. ಪರ್ಮಿಷನ್ ಲೆಟರ್ ತನ್ನಿ, ಆಮೇಲೆ ಹಾಕಿಕೊಡ್ತೀನಿ."

ಅವರ ಮೇಲೆ ನನಗೆ ಸಿಟ್ಟಿಲ್ಲ. ಕೆಎಸ್‌ಆರ್‌ಟಿಸಿ ಅನ್ನುವ ಐದು ಅಕ್ಷರಕ್ಕೆ ಕರ್ನಾಟಕ, ಕೇರಳ ಎರಡೂ ವರ್ಷಗಟ್ಟಲೆ ಜಗಳ ಆಡಿದ್ದನ್ನು ನಿಮ್ಮ ಓದುಗರೆಲ್ಲ ನೋಡಿದ್ದಾರೆ. ನಮ್ಮ ನಿಗಮ ಆ ಹೆಸರಿಗೂ ಗಂಡಭೇರುಂಡದ ಚಿತ್ರಕ್ಕೂ 2013ರಲ್ಲಿ ಟ್ರೇಡ್‌ಮಾರ್ಕ್ ಪಡೆದಿತ್ತು. ಕೇರಳ ಅದನ್ನು ಪ್ರಶ್ನಿಸಿತು. 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿಯನ್ನು ವಜಾ ಮಾಡಿತು. ನಮಗೆಲ್ಲ ಖುಷಿಯಾಯಿತು. ಇದರ ಮೇಲೆ ಗಂಡಭೇರುಂಡ ರಾಜ್ಯದ ಲಾಂಛನದಲ್ಲೂ ಇದೆ, ಅದನ್ನು ವ್ಯಾಪಾರಕ್ಕೆ ಬಳಸದಂತೆ ತಡೆಯಲು 1950ರ ಕಾಯ್ದೆಯೇ ಇದೆ. ನಿಗಮದ ಚಿತ್ರ ಬೇರೆ, ಸರ್ಕಾರದ ಲಾಂಛನ ಬೇರೆ. ಆದರೆ ದಿನಕ್ಕೆ ಐವತ್ತು ಗಿರಾಕಿ ನೋಡುವ ಅಂಗಡಿಯವರು ಅದನ್ನೆಲ್ಲ ಎಲ್ಲಿ ಅಳೆದು ನೋಡುತ್ತಾರೆ? ಬೇಡ ಅಂದುಬಿಡುವುದೇ ಅವರಿಗೆ ಸುಲಭ.

ಈ ಲಾಂಛನ ಇಲ್ಲದೆ ನಡೆಯಲ್ವಾ ಅಂತ ಕೆಲವರು ಕೇಳುತ್ತಾರೆ. ಡೆಕಾಲ್, ಅಂದರೆ ನೀರಲ್ಲಿ ನೆನೆಸಿ ಅಂಟಿಸುವ ಅಕ್ಷರ-ಚಿತ್ರದ ಅಚ್ಚು, ಅಂಟಿಸುವುದನ್ನು ಅವರು ಒಮ್ಮೆ ನೋಡಬೇಕು. ಹಾಳೆಯಿಂದ ಒಂದು ಚೂರು ಕತ್ತರಿಸಿ ಉಗುರುಬೆಚ್ಚಗಿನ ನೀರಲ್ಲಿ ಅರ್ಧ ನಿಮಿಷ ಬಿಟ್ಟರೆ, ಕಾಗದದ ಮೇಲಿಂದ ತೆಳ್ಳನೆಯ ಪೊರೆ ಮೆಲ್ಲಗೆ ಜಾರುತ್ತದೆ. ಚಿಮಟದಲ್ಲಿ ಹಿಡಿದು ಕೂರಿಸಿ, ಕುಂಚದ ತುದಿಯಿಂದ ಅಡಿಯ ನೀರನ್ನು ಹೊರಗೆ ತಳ್ಳಬೇಕು. ಸರಿಯಾಗಿ ಕೂತರೆ ಬಣ್ಣದಲ್ಲೇ ಬರೆದ ಹಾಗೆ ಕಾಣುತ್ತದೆ. ಅಲ್ಲಿಯವರೆಗೆ ಅದು ಕೆಂಪು ಡಬ್ಬ. ಡಿಪೋ ಹೆಸರು, 'ಎಫ್' ಸೀರೀಸ್‌ನ ನಂಬರು, ಪಕ್ಕದಲ್ಲಿ ಆ ಎರಡು ತಲೆಯ ಹಕ್ಕಿ ಬಂದಮೇಲೆ ಅದು ಅವರು ಓಡಿಸಿದ ಬಸ್ಸು.

ಟ್ರೇಡ್‌ಮಾರ್ಕ್ ಇರುವುದು ಕೊಳ್ಳುವವರು ಮೋಸ ಹೋಗದಿರಲಿ ಅಂತ. ನನ್ನ ಬಸ್ಸು ನೋಡಿ ನಿಗಮವೇ ಆಟಿಕೆ ತಯಾರಿಸುತ್ತಿದೆ ಅಂತ ಯಾರಾದರೂ ಅಂದುಕೊಳ್ಳುತ್ತಾರಾ? ಇದೇ ಪ್ರಶ್ನೆ ಜರ್ಮನಿಯಲ್ಲಿ ಕೋರ್ಟಿಗೆ ಹೋಗಿತ್ತು. ನ್ಯೂರೆಂಬರ್ಗಿನ ಆಟೆಕ್ ಅನ್ನುವ ಕಂಪನಿ ಒಪೆಲ್ ಆಸ್ಟ್ರಾ ಕಾರಿನ ರಿಮೋಟ್ ಆಟಿಕೆ ಮಾಡಿ, ಮುಂದಿನ ಗ್ರಿಲ್ ಮೇಲೆ ಒಪೆಲ್‌ನ ಮಿಂಚಿನ ಗುರುತನ್ನೂ ಹಾಕಿತ್ತು. ಒಪೆಲ್ ಆಟಿಕೆಗಳಿಗೂ ಆ ಗುರುತನ್ನು ರಿಜಿಸ್ಟರ್ ಮಾಡಿಸಿತ್ತು, ಕೇಸು ಹಾಕಿತು. ವಿಷಯ ಯುರೋಪಿನ ನ್ಯಾಯಾಲಯದವರೆಗೂ ಹೋಯಿತು, 2007ರಲ್ಲಿ ಅದು ತೀರ್ಪು ಕೊಟ್ಟಿತು, ಕೊನೆಗೆ 2010ರಲ್ಲಿ ಜರ್ಮನಿಯ ಸರ್ವೋಚ್ಚ ನ್ಯಾಯಾಲಯ ಆಟೆಕ್ ಪರ ನಿಂತಿತು. ಜನ ಆ ಗುರುತನ್ನು ನೋಡಿ 'ಅಸಲಿ ಕಾರಿನಲ್ಲಿ ಇರುವಂತೆಯೇ ಇದೆ' ಅಂದುಕೊಳ್ಳುತ್ತಾರೆಯೇ ಹೊರತು ಆಟಿಕೆ ಮಾಡಿದ್ದು ಒಪೆಲ್ ಅಂತ ಅಲ್ಲ ಅನ್ನುವುದು ಅಲ್ಲಿ ಗೆದ್ದ ವಾದ. ಆಟಿಕೆಯ ರಿಮೋಟ್ ಮೇಲೆ, ಪುಸ್ತಿಕೆಯ ಮೇಲೆ ಆಟೆಕ್ ತನ್ನದೇ ಹೆಸರು ಹಾಕಿತ್ತು. ಆ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ, ನಿಜ. ಆದರೆ ಮಾತು ಸರಿ ಅಲ್ವಾ?

ನಮ್ಮ 1999ರ ಟ್ರೇಡ್‌ಮಾರ್ಕ್ ಕಾಯ್ದೆಯೂ ತೀರಾ ಬಿಗಿಯಲ್ಲ. ಮುಖ್ಯವಾಗಿ ಅದು ವ್ಯಾಪಾರಕ್ಕೆ ಮಾರ್ಕ್ ಬಳಸುವವರ ಬಗ್ಗೆ ಮಾತಾಡುತ್ತದೆ. ವಸ್ತು ಯಾವ ಬಗೆಯದು ಅಂತ ಪ್ರಾಮಾಣಿಕವಾಗಿ ತಿಳಿಸುವ ಬಳಕೆಗೆ 30ನೇ ಸೆಕ್ಷನ್‌ನಲ್ಲಿ ಜಾಗ ಇದೆ. ಆದರೆ ಡ್ರೈವರ್ ಅಣ್ಣ ಸಾಮಾನಿನ ಖರ್ಚು ಕೊಡದೆ ಬಿಡುವುದಿಲ್ಲ. ಆ ದುಡ್ಡು ತಗೊಂಡರೆ ನಾನು ವ್ಯಾಪಾರಿಯಾ? ಪ್ರಿಂಟ್ ಹಾಕಿ ಕಾಸು ತಗೊಂಡ ಅಂಗಡಿಯವರು? ಇಂಥ ಕಡೆ ಜನರಿಗೆ ಬೇಕಾದದ್ದು ವಕೀಲರಲ್ಲ, ಹಕ್ಕುದಾರರ ಒಂದು ಸ್ಪಷ್ಟ ಮಾತು.

ಅಮೆರಿಕದ ಯೂನಿಯನ್ ಪೆಸಿಫಿಕ್ ರೈಲು ಕಂಪನಿ ಇದನ್ನು ಕಷ್ಟಪಟ್ಟು ಕಲಿಯಿತು. ತನ್ನ ಗುರುತು ಇರುವ ಮಾದರಿ ರೈಲುಗಳಿಗೆಲ್ಲ ಲೈಸೆನ್ಸ್, ರಾಯಲ್ಟಿ ಕೊಡಿ ಅಂತ ಹಟ ಹಿಡಿದು 2004ರಲ್ಲಿ ಮಾದರಿ ರೈಲು ಮಾಡುವ ಲಯನೆಲ್, ಅಥರ್ನ್ ಕಂಪನಿಗಳ ಮೇಲೆ ಕೇಸು ಹಾಕಿತು. ತನ್ನ ಹೆಸರಿಗೆ ಮಾತ್ರ ಅಲ್ಲ, 1996ರಲ್ಲಿ ತನ್ನೊಳಗೆ ಸೇರಿಸಿಕೊಂಡ ಸದರ್ನ್ ಪೆಸಿಫಿಕ್‌ನಂಥ ಹಳೇ ಹೆಸರುಗಳಿಗೂ ಕೇಳಿತು. ಬೆಂಗಳೂರಿನ ಸಿಟಿ ಬಸ್ಸಿಗೆ ಬಿಟಿಎಸ್ ಹೋಗಿ ಬಿಎಂಟಿಸಿ ಬಂದದ್ದು 1997ರಲ್ಲಿ, ಈಗ ಯಾರಾದರೂ ಬಿಟಿಎಸ್ ಬಸ್ಸಿನ ಮಾದರಿ ಮಾಡಿದರೆ ರಾಯಲ್ಟಿ ಕೇಳಿದ ಹಾಗೆ. ವರ್ಷಕ್ಕೆ ನೂರು ಹಾಳೆ ಡೆಕಾಲ್ ಮಾರುವವರಿಗೆ ರಾಯಲ್ಟಿಗಿಂತ ಅದರ ಲೆಕ್ಕಪತ್ರವೇ ಭಾರ. ಎಂಟಿಎಚ್ ಅನ್ನುವ ಮಾದರಿ ರೈಲು ಕಂಪನಿ ಬಗ್ಗದೆ ನಿಂತಿತು. 2006ರಲ್ಲಿ ರಾಜಿಯಾಗಿ ಯೂನಿಯನ್ ಪೆಸಿಫಿಕ್ ರಾಯಲ್ಟಿ ಕೈಬಿಟ್ಟಿತು. ಮಾದರಿ ರೈಲು ಮಾಡುವವರು ಅಂದರೆ ಆ ರೈಲನ್ನು ಯಾರಿಗಿಂತಲೂ ಜಾಸ್ತಿ ಪ್ರೀತಿಸುವ ಜನ, ಅವರ ಮೇಲೇ ಕೇಸು ಹಾಕಿದ್ದು ನನಗೆ ಇವತ್ತಿಗೂ ಬೇಸರದ ವಿಷಯ.

ನಮ್ಮ ಮಾದರಿ ಮಾಡುವ ಗೆಳೆಯರಿಗೂ ಒಂದು ಮಾತು. ಇನ್ನೊಬ್ಬರು ಡಿಪೋಗೆ ಹೋಗಿ ಫೋಟೋ ತೆಗೆದು, ಟೇಪ್ ಹಿಡಿದು ಅಳೆದು ಬಿಡಿಸಿದ ಡೆಕಾಲ್ ಹಾಳೆಯನ್ನು ಸ್ಕ್ಯಾನ್ ಮಾಡಿ ಮಾರುವುದು ಕಳ್ಳತನ. ನಿಗಮ ಸುಮ್ನೆ ಇದ್ದರೂ ಅದು ತಪ್ಪೇ.

ನಮ್ಮ ಸಾರಿಗೆ ನಿಗಮಗಳು, ತೇಜಸ್ ಮತ್ತು ಮಾರುತ್ ವಿಮಾನಗಳನ್ನು ಮಾಡಿದ ಎಚ್‌ಎಎಲ್ ಕೂಡ, ತಮ್ಮ ವೆಬ್‌ಸೈಟ್‌ನಲ್ಲಿ ಒಂದು ಪುಟ ಹಾಕಲಿ ಅಂತ ನನ್ನ ಕೋರಿಕೆ. ಮನೆಯಲ್ಲಿಡುವ ಮಾದರಿಗೆ, ಶಾಲೆಯ ಪ್ರಾಜೆಕ್ಟಿಗೆ ಗುರುತು ಬಳಸಬಹುದು, ಅಸಲಿ ಬಸ್ಸಿನಲ್ಲಿ ಇರುವಂತೆಯೇ ಇರಬೇಕು, ಡಬ್ಬದ ಮೇಲೆ ಮಾಡಿದವರ ಹೆಸರೇ ಇರಬೇಕು ಅಂತ ಬರೆದರೆ ಸಾಕು. ಮಾರುವವರಿಗೆ ಬೇಕಿದ್ದರೆ ವರ್ಷಕ್ಕೆ ಇಷ್ಟು ಅಂತ ಸಣ್ಣ ಶುಲ್ಕ ಇಡಲಿ. ಆ ಪುಟದ ಪ್ರಿಂಟ್ ತಗೊಂಡು ನಾನು ಅದೇ ಅಂಗಡಿಗೆ ಮತ್ತೆ ಹೋಗುತ್ತೇನೆ. ಬಸ್ಸು ಮೇಜಿನ ಮೇಲೆ ಬಟ್ಟೆ ಹೊದ್ದು ನಿಂತಿದೆ. ಡ್ರೈವರ್ ಅಣ್ಣ ವಾರಕ್ಕೊಮ್ಮೆ ಬಂದು ನೋಡಿಕೊಂಡು ಹೋಗುತ್ತಾರೆ.

ಇಂತಿ,
ಮಾದರಿ ಬಸ್ ಮಾಡುವ ಒಬ್ಬ ಓದುಗ, ಹಾಸನ