ಕ್ಯಾಮೆರಾ ಜತೆಗೆ ಅಳತೆ ಟೇಪೂ ಇರಲಿ

ಮಾನ್ಯ ಸಂಪಾದಕರೆ,

ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರ ಕೆಲವರಿಗೆ ಬರುವ ಕೈ ಬಾವಿಗೆ, ಅಂದರೆ ಲಿಂಫಿಡೀಮಾಕ್ಕೆ, ಮೊಬೈಲ್ ಕ್ಯಾಮೆರಾ ಮುಂದೆ ನಿಲ್ಲಿಸಿ ವ್ಯಾಯಾಮ ಮಾಡಿಸುವ ಆ್ಯಪ್‌ಗಳು ಬಂದಿವೆ. ಫಿಸಿಯೊಥೆರಪಿಗೆಂದು ಊರಿನಿಂದ ಬೆಂಗಳೂರಿಗೋ ಹುಬ್ಬಳ್ಳಿಗೋ ವಾರ ವಾರ ಬಸ್ಸು ಹತ್ತಲಾಗದ ಹೆಣ್ಣುಮಕ್ಕಳಿಗೆ ಇದರಿಂದ ಉಪಕಾರವಿದೆ. ಆದರೆ ಕೈ ಎಷ್ಟು ಎತ್ತರಕ್ಕೆ ಹೋಯಿತು ಎಂಬುದನ್ನು ನೋಡುವ ಕ್ಯಾಮೆರಾ, ಆ ಕೈ ಎಷ್ಟು ಊದಿದೆ ಎಂಬುದನ್ನು ನೋಡುವುದಿಲ್ಲ. ಆ್ಯಪ್ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟು ಕಳಿಸುವ ಮೊದಲು ಇದನ್ನು ಯೋಚಿಸಬೇಕು.

ಕಂಕುಳಿನ ಗ್ರಂಥಿಗಳನ್ನು ತೆಗೆದಾಗ, ಅಥವಾ ಆ ಭಾಗಕ್ಕೆ ವಿಕಿರಣ ಕೊಟ್ಟಾಗ, ತೋಳಿನ ದುಗ್ಧರಸ, ಅಂದರೆ ಅಂಗಾಂಶಗಳಿಂದ ರಕ್ತಕ್ಕೆ ಮರಳುವ ತಿಳಿ ದ್ರವ, ಹರಿದುಹೋಗುವ ದಾರಿ ಕಿರಿದಾಗುತ್ತದೆ. ರಕ್ತಕ್ಕೆ ಹೃದಯವಿದ್ದಂತೆ ಈ ರಸಕ್ಕೆ ಪ್ರತ್ಯೇಕ ಪಂಪು ಇಲ್ಲ. ನಾಳಗಳ ಸಣ್ಣ ಮಿಡಿತ, ಸ್ನಾಯುಗಳ ಹಿಂಡುವಿಕೆ, ಉಸಿರಿನ ಏರಿಳಿತ, ಇವೇ ಅದನ್ನು ಮುಂದಕ್ಕೆ ತಳ್ಳಬೇಕು. ಹೀಗಾಗಿಯೇ ಇಲ್ಲಿ ವ್ಯಾಯಾಮವೂ ಚಿಕಿತ್ಸೆ. ಮೂತ್ರ ಹೆಚ್ಚಿಸುವ ಮಾತ್ರೆಯಿಂದ ಪ್ರಯೋಜನವಿಲ್ಲ. ನೀರು ಹೋದರೂ ಪ್ರೋಟೀನು ಅಲ್ಲೇ ಉಳಿದು ಮತ್ತೆ ನೀರನ್ನು ಎಳೆದುಕೊಳ್ಳುತ್ತದೆ. ಕಂಕುಳಿನ ಗ್ರಂಥಿಗಳನ್ನು ಗುಂಪಾಗಿ ತೆಗೆಸಿಕೊಂಡ ಐವರಲ್ಲಿ ಸುಮಾರು ಒಬ್ಬರಿಗೆ ಈ ಬಾವು ಬರುತ್ತದೆ. ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸಿದವರಲ್ಲಿ 100ಕ್ಕೆ 5–6 ಮಂದಿಗೆ. ಶಸ್ತ್ರಚಿಕಿತ್ಸೆಯಾಗಿ ವರ್ಷಗಳ ಮೇಲೂ ಬರಬಹುದು.

ವ್ಯಾಯಾಮದ ಕ್ರಮಕ್ಕೆ ಅರ್ಥವಿದೆ. ಮೊದಲು ಹೊಟ್ಟೆ ಉಬ್ಬುವಂತೆ ನಿಧಾನವಾಗಿ 5 ಉಸಿರು. ನಂತರ ಕತ್ತು, ಭುಜ ಎತ್ತಿ ಇಳಿಸುವುದು, ಭುಜವನ್ನು ಹಿಂದಕ್ಕೆ ಸುತ್ತಿಸುವುದು. ಆಮೇಲೆ ಮೊಣಕೈ, ಮಣಿಕಟ್ಟು, ಕೊನೆಗೆ ಮುಷ್ಟಿ ಬಿಗಿದು ಬಿಡುವುದು. ಒಂದೊಂದು 10 ಸಲ. ಮುಗಿಸುವಾಗ ಮತ್ತೆ ಉಸಿರು. ಎಲ್ಲ ಸೇರಿ 15–20 ನಿಮಿಷ. ಭುಜದ ಕಡೆ ಜಾಗ ಮಾಡಿಕೊಡದೆ ಬೆರಳಿನ ಕಡೆಯಿಂದ ಹಿಂಡತೊಡಗಿದರೆ, ಮುಂದಿನ ಕಸ ತೆಗೆಯದ ಕಾಲುವೆಗೆ ಹಿಂದಿನಿಂದ ನೀರು ಬಿಟ್ಟ ಹಾಗಾಗುತ್ತದೆ. ಬಾವು ಇರುವವರು ಬಿಗಿ ಸ್ಲೀವ್, ಅಂದರೆ ತೋಳನ್ನು ಒತ್ತಿ ಹಿಡಿಯುವ ಎಲಾಸ್ಟಿಕ್ ತೋಳುಚೀಲ, ತೊಟ್ಟೇ ಮಾಡಬೇಕು. ಸ್ನಾಯು ಉಬ್ಬಿದಾಗ ಹೊರಗಿನಿಂದ ಎದುರೊತ್ತು ಸಿಕ್ಕರೆ ರಸ ಸುಲಭವಾಗಿ ಮೇಲೇರುತ್ತದೆ. ಕೈಯ ಅಳತೆ ತೆಗೆದು ಕೊಡುವ ಸ್ಲೀವ್‌ನ ಒತ್ತಡ ಸಾಮಾನ್ಯವಾಗಿ 20–30 ಮಿ.ಮೀ. ಪಾದರಸದಷ್ಟು. ಸುಮಾರು ಆರು ತಿಂಗಳಿಗೆ ಅದರ ಬಿಗಿ ಸಡಿಲುತ್ತದೆ, ಹೊಸದು ಬೇಕು. ಮೇಲಂಚು ಸುರುಳಿಯಾಗಿ ಮಡಿಚಿಕೊಂಡರೆ ಅದೇ ತೋಳಿಗೆ ಕಟ್ಟಿದ ದಾರವಾಗಿ, ಕೆಳಗಿನ ಭಾಗ ಇನ್ನಷ್ಟು ಊದುತ್ತದೆ.

ತಂತ್ರಜ್ಞಾನ ಇಲ್ಲಿಗೆ ಬಂದದ್ದು ಇತ್ತೀಚೆಗೇನಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿದ್ದಾಗ ನರ್ಸಿಂಗ್ ಸಂಶೋಧಕಿ ಮೇ ಫು ರೂಪಿಸಿದ ‘ದಿ ಆಪ್ಟಿಮಲ್ ಲಿಂಫ್ ಫ್ಲೋ’ ಎಂಬ ಕಾರ್ಯಕ್ರಮ ವೆಬ್ ಮತ್ತು ಮೊಬೈಲ್ ಮೂಲಕ ಇಂಥ ವ್ಯಾಯಾಮಗಳನ್ನು ಕಲಿಸುತ್ತದೆ. ಆಟಕ್ಕೆಂದು ಮೈಕ್ರೊಸಾಫ್ಟ್ ತಯಾರಿಸಿದ ಕಿನೆಕ್ಟ್ ಕ್ಯಾಮೆರಾವನ್ನೂ ಅದಕ್ಕೆ ಜೋಡಿಸಲಾಗಿತ್ತು. ಕಿನೆಕ್ಟ್ ದೂರವನ್ನೂ ಅಳೆಯುತ್ತಿತ್ತು. ಅದರ ತಯಾರಿಕೆ 2017ರಲ್ಲಿ ನಿಂತಿತು. ಫೋನಿನ ಸಾಮಾನ್ಯ ಕ್ಯಾಮೆರಾ ಚಪ್ಪಟೆ ಚಿತ್ರದಿಂದಲೇ ಕೀಲುಗಳ ಜಾಗವನ್ನು ಊಹಿಸುತ್ತದೆ. ಮುಂದಕ್ಕೆ ಚಾಚಿದ ಕೈ ಅದಕ್ಕೆ ಮೊಟಕಾಗಿ ಕಾಣುತ್ತದೆ. ನೋವೆಂದು ಸೊಂಟ ಓರೆ ಮಾಡಿ, ಭುಜವನ್ನು ಕಿವಿಯ ಹತ್ತಿರ ಎಳೆದುಕೊಂಡು ಕೈ ಎತ್ತಿದರೂ ‘ಸರಿಯಾಗಿದೆ’ ಎಂದು ಎಣಿಸಿಬಿಡಬಹುದು. ಹೊಟ್ಟೆಯ ಉಸಿರಾಟವಂತೂ ಅದರ ಕಣ್ಣಿಗೆ ಬೀಳುವುದು ಕಷ್ಟ. ಎಣಿಕೆ ಏರಲೆಂದು ಅವಸರ ಮಾಡುವವರೂ ಇದ್ದಾರೆ. ಒಂದು ಬಿಗಿತಕ್ಕೆ ಎರಡು ಸೆಕೆಂಡು, ಬಿಡುವುದಕ್ಕೆ ಎರಡು ಸೆಕೆಂಡು ಕೊಡದಿದ್ದರೆ ನಾಳ ತುಂಬಿಕೊಳ್ಳಲು ಹೊತ್ತೇ ಸಿಗದು.

ಫೋನನ್ನು ನೆಲದ ಮೇಲಿಟ್ಟು ಮಾಡಬೇಡಿ. ಎದೆಯ ಎತ್ತರದ ಕಪಾಟಿನಲ್ಲಿ ನೆಟ್ಟಗಿಟ್ಟು, ಆರೇಳು ಅಡಿ ದೂರದಲ್ಲಿ ನಿಲ್ಲಿ. ಬೆಳಕು ಮುಖದ ಕಡೆಯಿಂದ ಬರಲಿ. ಬೆನ್ನ ಹಿಂದೆ ಕಿಟಕಿ ಇದ್ದರೆ ಕೈ ಬರೀ ನೆರಳಾಗುತ್ತದೆ. ಸೆರಗು ಭುಜವನ್ನು ಮುಚ್ಚಿದರೆ ಕೀಲು ಎಲ್ಲಿದೆಯೆಂದು ಆ್ಯಪ್ ತಪ್ಪು ಊಹಿಸುತ್ತದೆ, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಸಡಿಲ ನೈಟಿಯಲ್ಲೂ ಇದೇ ತೊಂದರೆ.

ಇದಕ್ಕಿಂತ ದೊಡ್ಡ ಅಪಾಯ, ‘ಇನ್ನೂ ಮೇಲೆ, ಇನ್ನೂ ಮೇಲೆ’ ಎಂದು ಹುರಿದುಂಬಿಸುವ ಆ್ಯಪ್. ಶಸ್ತ್ರಚಿಕಿತ್ಸೆಯಾದ ಮೊದಲ ವಾರ–ಹತ್ತು ದಿನ, ಗಾಯದೊಳಗಿನ ದ್ರವವನ್ನು ಹೊರಹರಿಸುವ ಡ್ರೈನ್ ನಳಿಕೆ ಇರುವಾಗ, ತೋಳನ್ನು ಭುಜದ ಮಟ್ಟಕ್ಕಿಂತ ಮೇಲೆ ಎತ್ತಿಸಬಾರದು. ಕೆಲವರಿಗೆ ಕಂಕುಳಿನಿಂದ ಮೊಣಕೈವರೆಗೆ ಚರ್ಮದಡಿ ತಂತಿ ಎಳೆದಂಥ ಬಿಗಿತ ಬರುತ್ತದೆ. ಅದನ್ನು ನಿಧಾನವಾಗಿ ಬಿಡಿಸಬೇಕೇ ಹೊರತು ಪರದೆ ತೋರಿಸಿದ ಗುರಿ ಮುಟ್ಟಲೆಂದು ಜಗ್ಗಬಾರದು. ಗರಿಷ್ಠ ಕೋನ ಎಷ್ಟೆಂದು ನಿಗದಿ ಮಾಡುವ ಅಧಿಕಾರ ಥೆರಪಿಸ್ಟ್ ಕೈಯಲ್ಲಿರುವ ಆ್ಯಪ್ ಮಾತ್ರ ನಂಬಿಕೆಗೆ ಅರ್ಹ.

ಹಾಗೆಂದು ಹೆದರಿ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂರುವುದೂ ತಪ್ಪು. ‘ಆ ಕೈಯಲ್ಲಿ ಬಿಂದಿಗೆ ಎತ್ತಲೇಬೇಡ’ ಎಂಬ ಹಳೆಯ ಮಾತನ್ನು 2009ರಲ್ಲಿ ಅಮೆರಿಕದ ಕ್ಯಾಥರಿನ್ ಶ್ಮಿಟ್ಜ್ ಮತ್ತು ಸಂಗಡಿಗರು ಬಾವು ಇದ್ದ 141 ಮಹಿಳೆಯರಲ್ಲಿ ಪರೀಕ್ಷೆಗೆ ಒಡ್ಡಿದರು. ವಾರಕ್ಕೆರಡು ಬಾರಿ, ಸ್ಲೀವ್ ತೊಟ್ಟು, ಮೊದಲಿಗೆ ತರಬೇತುದಾರರ ಕಣ್ಣಳತೆಯಲ್ಲಿ, ತೂಕವನ್ನು ತೀರಾ ನಿಧಾನವಾಗಿ ಏರಿಸಿದವರಲ್ಲಿ ಬಾವು ಹೆಚ್ಚಲಿಲ್ಲ. ಉಲ್ಬಣಗಳು ಕಡಿಮೆಯಾದವು, ಬಲ ಬಂತು. ಮನೆಯಲ್ಲಾದರೆ ಅರ್ಧ ಲೀಟರ್ ನೀರಿನ ಬಾಟಲಿಯೇ ಅರ್ಧ ಕಿಲೊ ತೂಕ. ಕೈ ಭಾರವೆನಿಸದೆ ಎರಡು ಮೂರು ಸರದಿ ಕಳೆದ ಮೇಲಷ್ಟೇ ಏರಿಸಿ.

ಇನ್ನು ಅಳತೆ. ದರ್ಜಿ ಟೇಪು ಸಾಕು. ಬೆರಳ ಬುಡದ ಗೆಣ್ಣು, ಮಣಿಕಟ್ಟು, ಮೊಣಕೈಯಿಂದ 10 ಸೆಂ.ಮೀ. ಕೆಳಗೆ, 15 ಸೆಂ.ಮೀ. ಮೇಲೆ, ಎರಡೂ ಕೈ, ದಿನದ ಅದೇ ಹೊತ್ತಿಗೆ, ಸಾಧ್ಯವಾದರೆ ಅದೇ ವ್ಯಕ್ತಿ, ಟೇಪನ್ನು ಎಳೆಯದೆ. ಎಲ್ಲಾದರೂ 2 ಸೆಂ.ಮೀ. ವ್ಯತ್ಯಾಸ ಕಂಡರೆ ತೋರಿಸಬೇಕು. ಬಲಗೈ ಬಳಸುವವರ ಬಲ ತೋಳು ಮೊದಲೇ ಕೊಂಚ ದಪ್ಪವಿರುವುದರಿಂದ, ಶಸ್ತ್ರಚಿಕಿತ್ಸೆಗೆ ಮುನ್ನ ತೆಗೆದ ಅಳತೆ ಇಲ್ಲದಿದ್ದರೆ ಲೆಕ್ಕವೇ ತಪ್ಪುತ್ತದೆ. ಪ್ರತಿ 4 ಸೆಂ.ಮೀ.ಗೆ ಸುತ್ತಳತೆ ತೆಗೆದರೆ ತೋಳಿನ ಗಾತ್ರವನ್ನೇ ಲೆಕ್ಕ ಹಾಕಬಹುದು. ಆ ಗುಣಾಕಾರವನ್ನು ಫೋನು ಕ್ಷಣದಲ್ಲಿ ಮಾಡಿ, ಗಾತ್ರ ಶೇ 10 ಏರಿದರೆ ಎಚ್ಚರಿಸಲಿ. ನಮ್ಮ ಅಭಿಪ್ರಾಯದಲ್ಲಿ ಕೈ ಎತ್ತಿದ್ದನ್ನು ಎಣಿಸುವುದಕ್ಕಿಂತ ಇದೇ ಹೆಚ್ಚು ಉಪಯೋಗದ ಕೆಲಸ.

ಕೈ ಕೆಂಪಾಗಿ ಬಿಸಿಯೇರಿ ಜ್ವರ ಬಂದರೆ ಅದು ಸೋಂಕು. ಅಂದು ವ್ಯಾಯಾಮವೂ ಬೇಡ, ಸ್ಲೀವೂ ಬೇಡ, ಅದೇ ದಿನ ವೈದ್ಯರನ್ನು ಕಾಣಬೇಕು. ಇದ್ದಕ್ಕಿದ್ದಂತೆ ನೋವಿನೊಂದಿಗೆ ಊದಿದರೂ ಹಾಗೆಯೇ: ರಕ್ತ ಹೆಪ್ಪುಗಟ್ಟಿರಬಹುದು, ರೋಗ ಮರಳಿರಲೂಬಹುದು. ಅಂಥ ದಿನವೂ ಆ್ಯಪ್ ‘ಇಂದಿನ ಗುರಿ ಬಾಕಿ ಇದೆ’ ಎಂದು ಗಂಟೆ ಬಾರಿಸುತ್ತಿರುತ್ತದೆ. ಶುರು ಮಾಡುವ ಮೊದಲು ಜ್ವರ, ಕೆಂಪು, ನೋವು ಇದೆಯೇ ಎಂದು ಕನ್ನಡದಲ್ಲಿ ಕೇಳಿ, ‘ಹೌದು’ ಎಂದರೆ ಮುಂದುವರಿಯದಂತೆ ಅದನ್ನು ರೂಪಿಸಬೇಕು.

ಆನೆಕಾಲು ಬಾವಿಗೆ ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಚರ್ಮದ ಆರೈಕೆ, ಯೋಗ, ಉಸಿರಾಟ, ಬಿಗಿ ಪಟ್ಟಿಗಳನ್ನು ಸೇರಿಸಿದ ಮನೆಮಟ್ಟದ ಚಿಕಿತ್ಸೆಯನ್ನು ಕಲಬುರಗಿ ಜಿಲ್ಲೆಯ ಹಳ್ಳಿಗರಿಗೂ ಕಲಿಸಿತ್ತು. ಕಾರಣ ಬೇರೆಯಾದರೂ ಬಾವಿನ ಆರೈಕೆ ಬಹುಮಟ್ಟಿಗೆ ಒಂದೇ. ಕಿದ್ವಾಯಿಯಂಥ ಸರ್ಕಾರಿ ಕ್ಯಾನ್ಸರ್ ಸಂಸ್ಥೆಗಳು ಮತ್ತು ಆರೋಗ್ಯ ಇಲಾಖೆಯಲ್ಲಿ ನಮ್ಮ ಕೋರಿಕೆ ಇಷ್ಟು: ಕಂಕುಳಿನ ಶಸ್ತ್ರಚಿಕಿತ್ಸೆಗೆ ಮುನ್ನ ಪ್ರತಿಯೊಬ್ಬರ ಎರಡೂ ತೋಳಿನ ಅಳತೆ ಕೇಸ್ ಶೀಟಿನಲ್ಲಿ ದಾಖಲಾಗಲಿ, ಬಿಡುಗಡೆಯ ದಿನ ಅದರ ಒಂದು ಪ್ರತಿ ರೋಗಿಗೆ ಸಿಗಲಿ, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲೇ ಮರು ಅಳತೆಯಾಗಲಿ.

– ಕ್ಯಾನ್ಸರ್ ಪುನಶ್ಚೇತನದಲ್ಲಿ ತೊಡಗಿರುವ ಫಿಸಿಯೊಥೆರಪಿಸ್ಟ್‌ಗಳು, ಹುಬ್ಬಳ್ಳಿ