ನೆರಳಿನ ಗಿಡ ತರುವ ಮುನ್ನ ನೆರಳನ್ನು ನೋಡಿ

ಮಾನ್ಯ ಸಂಪಾದಕರೇ,

ಬಿಸಿಲು ಕಡಿಮೆ ಬೀಳುವ ಕೈತೋಟಗಳಿಗೆ ಒಗ್ಗುವ ಗಿಡಗಳ ಪಟ್ಟಿಯೊಂದು ಇತ್ತೀಚೆಗೆ ನಿಮ್ಮ ತೋಟಗಾರಿಕೆ ಪುಟದಲ್ಲಿ ಪ್ರಕಟವಾಗಿತ್ತು. ಅದರಲ್ಲಿದ್ದ ಹೆಸರುಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಎಲ್ಲವನ್ನೂ ‘ನೆರಳಿನ ಗಿಡಗಳು’ ಎಂಬ ಒಂದೇ ತಲೆಬರಹದಡಿ ಸೇರಿಸಿದ್ದರಿಂದ, ಅದನ್ನು ನಂಬಿ ಗಿಡ ತರುವವರಿಗೆ ನನಗಾದ ನಷ್ಟವೇ ಆದೀತೆಂಬ ಆತಂಕದಿಂದ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಮನೆಯ ಹಿಂದೆ ಹಳೆಯ ದೊಡ್ಡ ಮರವೊಂದಿದೆ. ಅದರ ಬುಡದಲ್ಲಿ ಹುಲ್ಲು ಕೂಡ ಹಿಡಿಯುತ್ತಿರಲಿಲ್ಲ. ನೆರಳಿಗೆ ಹೇಳಿ ಮಾಡಿಸಿದ ಗಿಡವೆಂದು ನರ್ಸರಿಯವರು ಹೇಳಿದ್ದನ್ನು ನಂಬಿ ಹನ್ನೆರಡು ಜರೀಗಿಡಗಳನ್ನು ತಂದು ಅಲ್ಲಿ ನೆಟ್ಟೆ. ಮಳೆಗಾಲದ ನಡುವೆಯೇ ಅವುಗಳ ಗರಿಗಳ ಅಂಚು ಕಂದಿತು. ಸುರುಳಿ ಬಿಚ್ಚಬೇಕಿದ್ದ ಎಳೆಯ ಚಿಗುರುಗಳು ಸುತ್ತಿಕೊಂಡಂತೆಯೇ ಒಣಗಿದವು. ಎರಡು ತಿಂಗಳಲ್ಲಿ ಒಂದೂ ಉಳಿಯಲಿಲ್ಲ. ಕತ್ತಲೆ ಹೆಚ್ಚಾಯಿತೇನೋ ಎಂದುಕೊಂಡಿದ್ದ ನಾನು, ರಾತ್ರಿಯಿಡೀ ಮಳೆ ಸುರಿದ ಮರುದಿನ ಬೆಳಿಗ್ಗೆ ಆ ಜಾಗವನ್ನು ಕೈಗುದ್ದಲಿಯಿಂದ ಕೆದಕಿ ನೋಡಿದೆ. ಮೇಲೆ ಒಂದು ಬೆರಳಿನಷ್ಟು ಮಣ್ಣು ಮಾತ್ರ ಒದ್ದೆಯಾಗಿತ್ತು. ಅದರ ಕೆಳಗೆ ಹಿಡಿಗೆ ಸಿಕ್ಕಿದ್ದು ಒಣ ಹುಡಿಮಣ್ಣು ಮತ್ತು ಅದರ ತುಂಬ ನೂಲಿನಂತೆ ಹೆಣೆದುಕೊಂಡಿದ್ದ ಮರದ ಬೇರುಗಳು. ದಟ್ಟವಾದ ಎಲೆಚಪ್ಪರವು ಮಳೆಯ ಒಂದು ಪಾಲನ್ನು ಮೇಲೆಯೇ ತಡೆದಿಟ್ಟು ಆವಿಯಾಗಿಸುತ್ತದೆ. ನೆಲಕ್ಕಿಳಿದ ಮಿಕ್ಕ ನೀರನ್ನು ಮರದ ಮೇಲ್ಬೇರುಗಳು ಹೀರಿಕೊಳ್ಳುತ್ತವೆ. ನೆರಳನ್ನು ಪ್ರೀತಿಸುವ ಜರೀಗಿಡಗಳು ಅಲ್ಲಿ ಬಾಯಾರಿ ಸತ್ತಿದ್ದವು.

ಅಂದಿನಿಂದ ಯಾವ ಗಿಡವನ್ನು ತರುವ ಮೊದಲೂ ಆ ಜಾಗದ ನೆರಳು ಎಂಥದ್ದೆಂದು ನೋಡುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಬೆಳಿಗ್ಗೆ, ನಡುಹಗಲು, ಸಂಜೆ ಹೀಗೆ ದಿನಕ್ಕೆ ಮೂರು ಬಾರಿ ಅದೇ ಜಾಗಕ್ಕೆ ಹೋಗಿ, ನೇರ ಬಿಸಿಲು ಎಷ್ಟು ಹೊತ್ತು ತಾಗುತ್ತದೆ ಎಂದು ಬರೆದಿಟ್ಟರೆ ಸಾಕು. ಆರು ಗಂಟೆಗಿಂತ ಹೆಚ್ಚು ತಾಗಿದರೆ ಅದು ಬಿಸಿಲಿನ ಜಾಗ. 3ರಿಂದ 6 ಗಂಟೆಯಾದರೆ ಅರೆನೆರಳು. ಅದಕ್ಕಿಂತ ಕಡಿಮೆಯಾದರೆ ಪೂರ್ತಿ ನೆರಳು. ಸೂರ್ಯನ ಓಟ ಋತುವಿನೊಂದಿಗೆ ಬದಲಾಗುವುದರಿಂದ ಈ ಲೆಕ್ಕವನ್ನು ವರ್ಷದಲ್ಲಿ ಎರಡು ಬಾರಿಯಾದರೂ ಮಾಡುವುದು ಒಳ್ಳೆಯದು. ಗಂಟೆಗಳಷ್ಟೇ ಮುಖ್ಯವಾದ ಮಾತು ಬಿಸಿಲು ಬೀಳುವ ವೇಳೆ. ಬೆಳಗಿನ ಎರಡು ಗಂಟೆಯ ಎಳೆಬಿಸಿಲನ್ನು ನಗುತ್ತ ತಾಳಿಕೊಳ್ಳುವ ಬಿಗೋನಿಯಾದ ಎಲೆ ಮಧ್ಯಾಹ್ನದ ಎರಡು ಗಂಟೆಯ ಬಿಸಿಲಿಗೆ ಸುಟ್ಟು ಕಂದುಬಣ್ಣಕ್ಕೆ ತಿರುಗುತ್ತದೆ.

ಗೋಡೆಯ ನೆರಳಿಗೂ ಮರದ ನೆರಳಿಗೂ ಬಹಳ ವ್ಯತ್ಯಾಸವಿದೆ. ಆಕಾಶಕ್ಕೆ ತೆರೆದುಕೊಂಡ ಗೋಡೆಯ ಮಗ್ಗುಲಲ್ಲಿ ನೇರ ಬಿಸಿಲು ಬೀಳದಿದ್ದರೂ ಬೆಳಕು ಧಾರಾಳವಾಗಿರುತ್ತದೆ, ಮಣ್ಣೂ ತಂಪಾಗಿರುತ್ತದೆ. ಜರೀಗಿಡ, ಮರಾಂಟಾ, ಪೀಸ್ ಲಿಲಿ, ಇಂಪೇಷನ್ಸ್, ಕ್ಯಾಲಡಿಯಂಗಳಿಗೆ ಇದಕ್ಕಿಂತ ಹಿತವಾದ ಜಾಗ ಸಿಗುವುದು ಕಷ್ಟ. ಮರದಡಿಯ ಒಣ ನೆರಳಿಗಾದರೋ ಬೇರೆಯದೇ ಗಟ್ಟಿಗರು ಬೇಕು. ನೆಲದೊಳಗಿನ ಗಡ್ಡೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಜೀಜೀ ಗಿಡ, ದಪ್ಪ ಎಲೆಯ ಸ್ನೇಕ್ ಪ್ಲಾಂಟ್, ಅಸಡ್ಡೆಯನ್ನೂ ಸಹಿಸುವ ಆಸ್ಪಿಡಿಸ್ಟ್ರ ಇವು ಅಲ್ಲಿ ನಿಲ್ಲುತ್ತವೆ. ನೆಡುವಾಗ ಮರದ ದಪ್ಪ ಬೇರುಗಳನ್ನು ಕಡಿಯದೆ, ಅವುಗಳ ಸಂದಿಯಲ್ಲಿ ಸಣ್ಣ ಗುಣಿ ತೆಗೆದು ಸಣ್ಣ ಸಸಿಗಳನ್ನೇ ಇಡಬೇಕು. ಹೊಸ ಬೇರು ಹಿಡಿಯುವವರೆಗೆ ನೀರನ್ನು ಕೈಯಾರೆ ಹನಿಸಬೇಕು. ಮಣ್ಣು ಸಾಲದೆಂದು ಬೊಡ್ಡೆಯ ಸುತ್ತ ಹೊಸ ಮಣ್ಣು ಏರಿಸುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಗಾಳಿಯಾಡದೆ ಮರದ ಬೇರುಗಳೇ ಸೊರಗುತ್ತವೆ. ಉದುರಿದ ತರಗೆಲೆಯನ್ನು ಗುಡಿಸದೆ ಅಲ್ಲಿಯೇ ತೆಳುವಾಗಿ ಹರಡಿ ಬಿಟ್ಟರೆ ಮಣ್ಣಿಗೆ ಅಷ್ಟೇ ಸಾಕು.

ಹೂವಿನ ಆಸೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಗುಲಾಬಿ, ದಾಸವಾಳಗಳನ್ನು ನೆರಳಿನಲ್ಲಿ ನೆಟ್ಟರೆ ಅವು ಕೂಡಲೇ ಸಾಯುವುದಿಲ್ಲ. ಅದೇ ನಮ್ಮನ್ನು ಮೋಸಗೊಳಿಸುತ್ತದೆ. ಗಿಡ ಬೆಳಕಿನತ್ತ ವಾಲಿಕೊಂಡು ಉದ್ದಕ್ಕೆ ಏರುತ್ತದೆ, ಗೆಣ್ಣಿನಿಂದ ಗೆಣ್ಣಿಗೆ ಅಂತರ ಹೆಚ್ಚುತ್ತದೆ, ಕಾಂಡ ತೆಳ್ಳಗಾಗುತ್ತದೆ, ಮೊಗ್ಗು ಮಾತ್ರ ಕಾಣಿಸುವುದಿಲ್ಲ. ನೋಡುವವರು ಗಿಡ ಚೆನ್ನಾಗಿ ಬೆಳೆಯುತ್ತಿದೆ ಎಂದುಕೊಂಡು ಮತ್ತಷ್ಟು ಗೊಬ್ಬರ ಹಾಕುತ್ತಾರೆ. ಬೆಳಕಿನ ಕೊರತೆಯನ್ನು ಗೊಬ್ಬರ ತುಂಬಲಾರದು. ಪೀಸ್ ಲಿಲಿಯಂಥ ನೆರಳಿನ ಗಿಡ ಕೂಡ ತೀರಾ ಕತ್ತಲೆಯ ಮೂಲೆಯಲ್ಲಿ ಎಲೆಗಳನ್ನಷ್ಟೇ ಬಿಟ್ಟುಕೊಂಡು ಇರುತ್ತದೆ, ಹೂ ಬಿಡಬೇಕಾದರೆ ಅದಕ್ಕೂ ಬೆಳಕು ಬೇಕು. ಆದ್ದರಿಂದ ದಟ್ಟ ನೆರಳಿನಲ್ಲಿ ಎಲೆಯ ಚೆಲುವನ್ನೇ ನೆಚ್ಚಿಕೊಳ್ಳುವುದು ಜಾಣತನ ಎಂಬುದು ನನ್ನ ಅಭಿಪ್ರಾಯ. ಜರೀಗಿಡದ ಸೀಳುಸೀಳಾದ ಗರಿಯ ಪಕ್ಕದಲ್ಲಿ ಆಸ್ಪಿಡಿಸ್ಟ್ರದ ಅಗಲವಾದ ಎಲೆ ನಿಂತಾಗ ಹೂವಿಲ್ಲವೆಂಬ ಕೊರತೆಯೇ ಕಾಣುವುದಿಲ್ಲ. ಬಿಳಿ ಪಟ್ಟೆ, ಬಿಳಿ ಚುಕ್ಕೆಗಳ ಎಲೆಗಳು ಮಬ್ಬು ಮೂಲೆಯನ್ನು ಬೆಳಗುತ್ತವೆ ಎಂಬುದು ನಿಜವಾದರೂ, ಆ ಬಿಳಿ ಭಾಗದಲ್ಲಿ ಪತ್ರಹರಿತ್ತು ಇಲ್ಲದಿರುವುದರಿಂದ ಅಂಥ ಗಿಡಕ್ಕೆ ಅದೇ ಜಾತಿಯ ಹಸಿರು ಗಿಡಕ್ಕಿಂತ ಹೆಚ್ಚು ಬೆಳಕು ಬೇಕಾಗುತ್ತದೆ. ಬೆಳಕು ಸಾಲದಿದ್ದರೆ ಮನಿ ಪ್ಲಾಂಟಿನ ಹೊಸ ಎಲೆಗಳು ಬಣ್ಣ ಕಳೆದುಕೊಂಡು ಹಸಿರಾಗುತ್ತ ಹೋಗುತ್ತವೆ.

ಕುಂಡದಲ್ಲಿ ಬೆಳೆಸುವವರು ನೀರಿನಲ್ಲಿ ಕೈ ಬಿಗಿ ಹಿಡಿಯಬೇಕು. ನೆರಳಿನಲ್ಲಿಟ್ಟ ಕುಂಡ ನಿಧಾನವಾಗಿ ಒಣಗುತ್ತದೆ; ದಿನವೂ ನೀರು ಸುರಿದರೆ ಬೇರು ಕೊಳೆಯುತ್ತದೆ, ಬಸವನಹುಳುಗಳೂ ಸೇರಿಕೊಳ್ಳುತ್ತವೆ. ಮಣ್ಣಿಗೆ ಬೆರಳು ತೂರಿಸಿ ನೋಡಿ, ಒಣಗಿದ್ದರೆ ಮಾತ್ರ ಹಾಕಬೇಕು.

ನಿಮ್ಮ ಪಟ್ಟಿಯಲ್ಲಿ ಬಿಟ್ಟುಹೋಗಿದ್ದ ಇನ್ನೊಂದು ವಿಷಯ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು. ನೆರಳಿಗೆಂದು ಹೆಚ್ಚಾಗಿ ಮಾರಾಟವಾಗುವ ಡೀಫೆನ್‌ಬೇಕಿಯ, ಕ್ಯಾಲಡಿಯಂ, ಮನಿ ಪ್ಲಾಂಟ್, ಪೀಸ್ ಲಿಲಿ, ಜೀಜೀ ಗಿಡ ಇವೆಲ್ಲ ಕೆಸುವಿನ ಕುಟುಂಬಕ್ಕೆ ಸೇರಿದವು. ಇವುಗಳ ಎಲೆ, ಕಾಂಡಗಳಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ. ಮಗುವೋ ಸಾಕುನಾಯಿಯೋ ಬೆಕ್ಕೋ ಜಗಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತವೆ. ತೆವಳುವ ಮಗುವಿರುವ ಮನೆಯವರು ಇವನ್ನು ನೆಲದ ಮಟ್ಟದಲ್ಲಿ ಇಡಬಾರದು. ಪಟ್ಟಿಯನ್ನು ಮತ್ತೊಮ್ಮೆ ಪ್ರಕಟಿಸುವ ಅವಕಾಶವಿದ್ದರೆ, ಪ್ರತಿ ಗಿಡದ ಮುಂದೆ ಅದಕ್ಕೆ ಬೇಕಾದ ಬೆಳಕಿನ ಗಂಟೆಗಳನ್ನೂ ಮಣ್ಣಿನ ತೇವವನ್ನೂ ನಮೂದಿಸಿ, ಈ ಐದರ ಮುಂದೆ ಮೇಲಿನ ಎಚ್ಚರಿಕೆಯನ್ನೂ ಸೇರಿಸಬೇಕೆಂದು ಕೋರುತ್ತೇನೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ