ಮಾತ್ರೆ ನುಂಗುವ ಮುನ್ನ ಕಾಕಾಗೆ ಒಂದು ಫೋಟೋ

ಗದಗ

ಚಿ. ಸುಮಾಳಿಗೆ ನಿನ್ನ ಕಾಕಾನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಆರಾಮ. ನೀನು ಕಳಿಸಿದ ರಕ್ತ ಪರೀಕ್ಷೆಯ ರಿಪೋರ್ಟ್ ನೋಡಿದೆ. ಹಿಮೋಗ್ಲೋಬಿನ್ 10.4 ಇದೆ. ನಿನ್ನ ವಯಸ್ಸಿನ ಹುಡುಗಿಗೆ, ಅದರಲ್ಲೂ ದಿನಾ ಓಡುವವಳಿಗೆ, ಅದು ಕಡಿಮೆಯೇ. ಸುಸ್ತು ಸುಳ್ಳಲ್ಲ. ಆದರೆ ಅದರ ಕೆಳಗೆ ಬರೆದಿದ್ದೀಯಲ್ಲ, “ರೂಮಿನ ಅಕ್ಕ ರಕ್ತ ಏರೋ ಇಂಜೆಕ್ಷನ್ ಇದೆ ಅಂತಾಳೆ, ತಗೊಳ್ಳಲಾ ಕಾಕಾ?” ಅಂತ, ಅದಕ್ಕೆ ಫೋನಿನಲ್ಲಿ ಉತ್ತರ ಹೇಳಿದರೆ ನೀನು ಹ್ಞೂಂ ಹ್ಞೂಂ ಅಂದು ಇಟ್ಟುಬಿಡುತ್ತೀ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಪೂರ್ತಿ ಓದು.

ಮೊದಲು ಆಕೆ ಹೇಳಿದ್ದು ಯಾವ ಇಂಜೆಕ್ಷನ್ ಅಂತ ಕೇಳು. ಕಬ್ಬಿಣಾಂಶದ್ದಾದರೆ ಒಂದು ಮಾತು. ಇಪಿಒ ಅನ್ನುವ, ಕೆಂಪು ಕಣ ಹೆಚ್ಚಿಸುವ ಔಷಧ ಆದರೆ ಮಾತೇ ಬೇಡ, ಆ ಹುಡುಗಿಯ ಸಹವಾಸವನ್ನೇ ಸ್ವಲ್ಪ ದೂರ ಇಡು.

ಇಪಿಒ ನಮ್ಮ ಔಷಧದ ಅಂಗಡಿಯಲ್ಲೂ ಇದೆ. ಫ್ರಿಜ್ಜಿನ ಮೇಲಿನ ಹಲಗೆಯಲ್ಲಿ, ಇನ್ಸುಲಿನ್ ಪಕ್ಕ. ಬೆರಳುದ್ದದ ಸಿರಿಂಜ್, ಒಳಗೆ ನೀರಿನಂಥ ಔಷಧ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಯವರು ಥರ್ಮಾಸಿನಲ್ಲಿ ಐಸ್ ಹಾಕಿಕೊಂಡು ಬಂದು ಒಯ್ಯುತ್ತಾರೆ. ಅವರಿಗೆ ಅದು ಬೇಕೇ ಬೇಕು. ಕೆಂಪು ಕಣ ತಯಾರಿಸು ಅಂತ ಎಲುಬಿನ ಮಜ್ಜೆಗೆ ಹೇಳಿ ಕಳಿಸುವುದು ಮೂತ್ರಪಿಂಡ. ಅದು ಕೆಟ್ಟರೆ ಆ ಸಂದೇಶ ಹೋಗುವುದಿಲ್ಲ, ರಕ್ತ ಇಳಿಯುತ್ತದೆ. ಆ ಸಂದೇಶವನ್ನೇ ಔಷಧ ಮಾಡಿ 1989ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಿಟ್ಟರು. ದೂರದ ಓಟದವರಿಗೆ ಅದರ ವಾಸನೆ ಬಡಿಯಲು ಜಾಸ್ತಿ ದಿನ ಬೇಕಾಗಲಿಲ್ಲ. ಕಣ ಹೆಚ್ಚಿದರೆ ಕಾಲಿಗೆ ಆಮ್ಲಜನಕ ಹೆಚ್ಚು, ಅಷ್ಟೇ ಲೆಕ್ಕ. ಒಲಿಂಪಿಕ್ಸ್‌ನಲ್ಲಿ ಇದಕ್ಕೆ ಪರೀಕ್ಷೆ ಶುರುವಾದದ್ದು 2000ರ ಸಿಡ್ನಿಯಲ್ಲಿ. ಅಲ್ಲಿಯವರೆಗೆ ಯಾರು ಏನು ಚುಚ್ಚಿಕೊಂಡು ಓಡಿದರೋ ದೇವರೇ ಬಲ್ಲ.

ನಿನ್ನ ಮೂತ್ರಪಿಂಡ ಚೆನ್ನಾಗಿದೆ. ಅದರ ಮೇಲೆ ಇಪಿಒ ಚುಚ್ಚಿದರೆ ರಕ್ತ ಗಟ್ಟಿ ಅಂಬಲಿಯ ಹಾಗೆ ಆಗುತ್ತದೆ. ಬೇಸಿಗೆಯಲ್ಲಿ ಕೆಲಗೇರಿ ಕಡೆ ಲಾಂಗ್ ರನ್ ಹೋಗಿ ಬೆವರು ಸುರಿದ ಮೇಲೆ ಇನ್ನೂ ಗಟ್ಟಿ. ಹೃದಯಕ್ಕೋ ಮಿದುಳಿಗೋ ಹೋಗುವ ನಾಳದಲ್ಲಿ ಹೆಪ್ಪುಗಟ್ಟಿದರೆ ಆಸ್ಪತ್ರೆಗೆ ಓಡುವವರು ನಿನ್ನ ಅಪ್ಪ ಮತ್ತು ನಾನು. ಇಂಜೆಕ್ಷನ್ ಹೇಳಿದವಳು ಆ ಹೊತ್ತಿಗೆ ಫೋನ್ ಎತ್ತುವುದಿಲ್ಲ.

ಕೀನ್ಯಾದ ಜೆಮಿಮಾ ಸುಮ್‌ಗಾಂಗ್ ಗೊತ್ತಲ್ವಾ? 2016ರ ರಿಯೊ ಒಲಿಂಪಿಕ್ಸ್ ಮ್ಯಾರಥಾನ್ ಚಿನ್ನ. ಆ ಓಟದಲ್ಲಿ ಚಿನ್ನ ಗೆದ್ದ ಮೊದಲ ಕೀನ್ಯಾ ಮಹಿಳೆ. ಮುಂದಿನ ವರ್ಷವೇ ಡೋಪಿಂಗ್ ಪರೀಕ್ಷೆಯಲ್ಲಿ ಇಪಿಒ ಸಿಕ್ಕಿತು. ನಾಲ್ಕು ವರ್ಷ ನಿಷೇಧ ಆಯಿತು. ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಟ್ಟಿದ್ದರು ಅಂತ ಕಾಗದ ತೋರಿಸಿದಳು. ಆ ಕಾಗದವೂ ಸುಳ್ಳು ಅಂತ ಗೊತ್ತಾಗಿ ನಿಷೇಧ ಎಂಟು ವರ್ಷಕ್ಕೆ ಹೋಯಿತು. ಈಗಂತೂ ಅಥ್ಲೀಟ್ ಪಾಸ್‌ಪೋರ್ಟ್ ಅಂತ ಇಟ್ಟಿದ್ದಾರೆ. ವರ್ಷಗಟ್ಟಲೆ ರಕ್ತದ ಏರಿಳಿತ ಬರೆದಿಟ್ಟು ನೋಡುತ್ತಾರೆ. ಔಷಧವೇ ಸಿಗದಿದ್ದರೂ ಏರಿಳಿತ ನೋಡಿ ಹಿಡಿಯುತ್ತಾರೆ.

ಇನ್ನು ಕಬ್ಬಿಣಾಂಶ. ಮಾತ್ರೆಗೆ ಯಾವ ನಿಷೇಧವೂ ಇಲ್ಲ. ಡಾಕ್ಟರ ಹತ್ತಿರ ಹೋಗಿ ಫೆರಿಟಿನ್ ಪರೀಕ್ಷೆ ಬರೆಸಿಕೋ. ಮೈಯಲ್ಲಿ ಕಬ್ಬಿಣ ಎಷ್ಟು ಉಳಿದಿದೆ ಅಂತ ಅದರಿಂದ ತಿಳಿಯುತ್ತದೆ. ಓಡುವ ಹೆಣ್ಣುಮಕ್ಕಳಲ್ಲಿ ಇದು ಕಡಿಮೆ ಇರುವುದು ತುಂಬಾ ಸಾಮಾನ್ಯ. ಮಾತ್ರೆ ತಗೊಂಡರೆ ಮಲ ಕಪ್ಪಾಗುತ್ತದೆ, ಗಾಬರಿ ಬೇಡ. ಫಲ ಕಾಣಲು ವಾರಗಟ್ಟಲೆ ಬೇಕು, ನಾಳೆಯ ಟೈಮ್ ಟ್ರಯಲ್‌ಗೆ ಅದು ಆಗುವುದಿಲ್ಲ. ಡಾಕ್ಟರು ಬಾಟಲಿಯಲ್ಲಿ ಹಾಕಿ ರಕ್ತನಾಳಕ್ಕೆ ಬಿಡಬೇಕು ಅಂದರೆ ಅಲ್ಲೇ ಒಂದು ನಿಮಿಷ ನಿಲ್ಲಿಸು.

ಯಾಕೆ ಅಂದರೆ, ಡೋಪಿಂಗ್ ನಿಯಮದಂತೆ ಓಟಗಾರರು ಹನ್ನೆರಡು ತಾಸಿನಲ್ಲಿ 100 ಮಿ.ಲೀ.ಗಿಂತ ಜಾಸ್ತಿ ಏನನ್ನೂ ರಕ್ತನಾಳಕ್ಕೆ ಏರಿಸುವಂತಿಲ್ಲ. ಆಸ್ಪತ್ರೆಯ ಚಿಕಿತ್ಸೆ, ಆಪರೇಷನ್ ಇಂಥದಕ್ಕೆ ಮಾತ್ರ ಬಿಡುವು ಇದೆ. ಒಳಗೆ ಬರೀ ಉಪ್ಪುನೀರಿದ್ದರೂ ತಪ್ಪು ತಪ್ಪೇ. ಇದು ನಮ್ಮ ಕಡೆಯವರಿಗೆ ನಂಬಲೂ ಆಗದ ನಿಯಮ. ಜ್ವರ ಬಂತು, ಸಲೈನ್ ಹಚ್ಚು. ಮದುವೆ ಓಡಾಟ ಆಯಿತು, ಸುಸ್ತು, ಸಲೈನ್ ಹಚ್ಚು. ಬಾಟಲಿ ಹಚ್ಚದ ಡಾಕ್ಟರು ಡಾಕ್ಟರೇ ಅಲ್ಲ ಅನ್ನುವ ಜನ ನಾವು. ಒಂದು ಬಾಟಲಿ ಅಂದರೆ 500 ಮಿ.ಲೀ. ಹೋದ ವರ್ಷ ಜಾತ್ರೆಗೆ ಬಂದಾಗ ನಿನಗೆ ವಾಂತಿ ಆಗಿ, ನಿಮ್ಮವ್ವ ಕ್ಲಿನಿಕ್ಕಿಗೆ ಕರಕೊಂಡು ಹೊರಟಿದ್ದಳಲ್ಲ, ಆಗ ನಾನು ಓಆರ್‌ಎಸ್ ಕುಡಿಸೋಣ ಅಂತ ಜಗಳ ಮಾಡಿದ್ದು ಇದಕ್ಕೇ. ವೈನಿ ನನ್ನನ್ನು ಜಿಪುಣ ಅಂದುಕೊಂಡರು. ಇರಲಿ. ನಿಜವಾಗಿಯೂ ಜೀವಕ್ಕೆ ಬಂದರೆ ಹಚ್ಚಿಸಿಕೋ, ಓಟಕ್ಕಿಂತ ಜೀವ ದೊಡ್ಡದು. ಆದರೆ ದೊಡ್ಡ ಆಸ್ಪತ್ರೆಗೆ ಹೋಗು, ಕಾಗದ ಪತ್ರ ಎಲ್ಲ ಇಟ್ಟುಕೋ.

ಕೆಮ್ಮಿನ ಸಿರಪ್ಪಿಗೂ ಇದೇ ಎಚ್ಚರ. ಧಾರವಾಡದ ಮಳೆಗೆ ನಿನಗೆ ಪ್ರತಿ ವರ್ಷ ಕೆಮ್ಮು ಬರುತ್ತದೆ. ಬಾಟಲಿಯ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿರುತ್ತಾರೆ, ಟರ್ಬುಟಲಿನ್ ಸಲ್ಫೇಟ್ 1.25 ಮಿ.ಗ್ರಾಂ ಅಂತ. ನಮ್ಮ ದೇಶದಲ್ಲಿ ಎಷ್ಟೋ ಸಿರಪ್ಪುಗಳಲ್ಲಿ ಅದು ಇದೆ. ಎದೆ ಸಡಿಲ ಮಾಡುತ್ತದೆ, ಒಳ್ಳೆಯ ಔಷಧವೇ. ಆದರೆ ಓಟಗಾರರಿಗೆ ಸ್ಪರ್ಧೆ ಇರಲಿ ಬಿಡಲಿ ವರ್ಷವಿಡೀ ನಿಷೇಧ. ಉಬ್ಬಸದವರು ಬಳಸುವ ಸಾಲ್ಬುಟಮಾಲ್ ಪಂಪು ಎಳೆದುಕೊಳ್ಳಲು ಮಿತಿಯೊಳಗೆ ಬಿಡುವು ಇದೆ, ದಿನಕ್ಕೆ 1600 ಮೈಕ್ರೋಗ್ರಾಂ, ಎಂಟು ತಾಸಿನಲ್ಲಿ 600ಕ್ಕಿಂತ ಹೆಚ್ಚಿಲ್ಲ. ಅದೇ ಸಾಲ್ಬುಟಮಾಲ್ ಸಿರಪ್ಪಾಗಿ ಹೊಟ್ಟೆಗೆ ಹೋದರೆ ನಿಷೇಧ. ಕೌಂಟರಿನಲ್ಲಿ ನಿಂತ ಹುಡುಗನಿಗೆ ಇದೆಲ್ಲ ಗೊತ್ತಿರುವುದಿಲ್ಲ. “ಕೆಮ್ಮಿಗೆ ಏನಾದ್ರೂ ಕೊಡಿ” ಅಂದರೆ ಕೈಗೆ ಸಿಕ್ಕಿದ್ದು ಕೊಡುತ್ತಾನೆ.

ಮೊಣಕಾಲಿಗೆ ಸೂಜಿ ಚುಚ್ಚಿಸಿಕೊಳ್ಳುವುದೂ ಹಾಗೆಯೇ. ಸ್ಟೀರಾಯ್ಡ್ ಇಂಜೆಕ್ಷನ್ ಸ್ಪರ್ಧೆಯ ಸಮಯದಲ್ಲಿ ನಿಷೇಧ, 2022ರಿಂದ ಎಲ್ಲಿಗೆ ಚುಚ್ಚಿದರೂ ಅಷ್ಟೇ. ಸ್ಪರ್ಧೆಯ ಸಮಯ ಅಂದರೆ ಹಿಂದಿನ ರಾತ್ರಿ 11.59ರಿಂದ ಲೆಕ್ಕ. ಆದರೆ ಔಷಧ ಗಡಿಯಾರ ನೋಡಿ ಮೈಯಿಂದ ಹೊರಡುವುದಿಲ್ಲ. ಟ್ರೈಆಮ್ಸಿನೋಲೋನ್ ಅನ್ನುವ ಸ್ಟೀರಾಯ್ಡ್ ಸ್ನಾಯುವಿಗೆ ಕೊಟ್ಟರೆ 60 ದಿನ ಬಿಡಬೇಕು ಅಂತ ವಿಶ್ವ ಡೋಪಿಂಗ್ ತಡೆ ಸಂಸ್ಥೆ ವಾಡಾದವರೇ ಹೇಳುತ್ತಾರೆ. ಟ್ರಮಡಾಲ್ ನೋವಿನ ಮಾತ್ರೆ 2024ರಿಂದ ಸ್ಪರ್ಧೆಯ ಸಮಯದ ನಿಷೇಧದ ಪಟ್ಟಿಗೆ ಸೇರಿದೆ. ಪ್ಯಾರಾಸಿಟಮಾಲ್‌ಗೆ ಅಡ್ಡಿಯಿಲ್ಲ.

ಈಗ ನಮ್ಮ ಮನೆಯ ಮಾತು. ಆಯಿಯ ಮಾತ್ರೆ ಡಬ್ಬಿ ನೀನು ನೋಡಿದ್ದೀ, ಹಳೇ ಬಿಸ್ಕೀಟ್ ಡಬ್ಬಿ. ಅದರಲ್ಲಿ ಬಿ.ಪಿ. ಮಾತ್ರೆ, ಶುಗರ್ ಮಾತ್ರೆ, ತಲೆನೋವಿನದು ಎಲ್ಲ ಒಟ್ಟಿಗೆ ಬಿದ್ದಿರುತ್ತವೆ. ಅರ್ಧಕ್ಕೆ ಕತ್ತರಿಸಿದ ಸ್ಟ್ರಿಪ್ಪು, ಹೆಸರು ಇರುವ ತುದಿಯೇ ಇರುವುದಿಲ್ಲ. ತಲೆನೋವು ಅಂದರೆ ಆಯಿ ಪ್ರೀತಿಯಿಂದ ಒಂದು ತೆಗೆದು ಕೊಡುತ್ತಾರೆ. ಅವರ ಬಿ.ಪಿ. ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಜೈಡ್ ಇದೆ. ಮೂತ್ರ ಜಾಸ್ತಿ ಹೋಗಿಸುವ ಔಷಧ. ಬೇರೆ ಔಷಧದ ಗುರುತು ತೊಳೆದು ಹಾಕಲು ಬಳಸುತ್ತಾರೆ ಅಂತ ಅದನ್ನೂ ನಿಷೇಧಿಸಿದ್ದಾರೆ. ಕೀನ್ಯಾದ ರೂತ್ ಚೆಪ್ನ್‌ಗೆಟಿಚ್ 2024ರ ಅಕ್ಟೋಬರಿನಲ್ಲಿ ಶಿಕಾಗೋದಲ್ಲಿ 2 ಗಂಟೆ 9 ನಿಮಿಷ 56 ಸೆಕೆಂಡಿನಲ್ಲಿ ಮ್ಯಾರಥಾನ್ ಓಡಿದಾಗ ನೀನು ನನಗೆ ವಿಡಿಯೋ ಕಳಿಸಿದ್ದೆ. 2025ರ ಮಾರ್ಚಿನಲ್ಲಿ ಆಕೆಯ ಮೂತ್ರದಲ್ಲಿ ಸಿಕ್ಕಿದ್ದು ಇದೇ ಮಾತ್ರೆ. ಒಂದು ಮಿ.ಲೀ.ಗೆ 20 ನ್ಯಾನೋಗ್ರಾಂ ದಾಟಿದರೆ ವರದಿ ಮಾಡಬೇಕು, ಆಕೆಯದರಲ್ಲಿ 3,800 ಇತ್ತು. ಮೊದಲು ಹೇಗೆ ಬಂತೋ ಗೊತ್ತಿಲ್ಲ ಅಂದಳು. ಆಮೇಲೆ ಮನೆಗೆಲಸದಾಕೆಯ ಮಾತ್ರೆ ನುಂಗಿದ್ದೆ ಅಂದಳು. ಮೂರು ವರ್ಷ ನಿಷೇಧ. ಅದು ನಿಜವೋ ಕಟ್ಟಿದ ಕಥೆಯೋ ಬಿಡು. ನಮ್ಮ ಮನೆಯಲ್ಲಿ ಅದು ನಿಜವಾಗಿಯೇ ನಡೆಯಬಹುದು ಅನ್ನುವುದು ನನ್ನ ಚಿಂತೆ. ಯಾರು ಕೊಟ್ಟರು ಅಂತ ಪರೀಕ್ಷೆ ಮಾಡುವವರು ಕೇಳುವುದಿಲ್ಲ. ನಿನ್ನ ಮೈಯಲ್ಲಿ ಸಿಕ್ಕರೆ ಜವಾಬ್ದಾರಿ ನಿನ್ನದು, ಅದೇ ನಿಯಮ. ಆಯಿಗೂ ಹೇಳಿದ್ದೇನೆ. ಬೇಸರ ಮಾಡಿಕೊಂಡಿದ್ದಾರೆ, ನೀನು ಬಂದಾಗ ಸಮಾಧಾನ ಮಾಡು.

ಗಿಡಮೂಲಿಕೆಯಲ್ಲವಾ, ಏನೂ ಆಗಲ್ಲ ಅನ್ನುವವರು ನಿನ್ನ ಸುತ್ತ ಇದ್ದೇ ಇರುತ್ತಾರೆ. ಕಪ್ಪತಗುಡ್ಡದ ಬುಡದಲ್ಲಿ ಬೆಳೆದವನಿಗೆ ಬೇರು ಸೊಪ್ಪಿನ ಮೇಲೆ ಗೌರವ ಇದೆ. ಆದರೆ ಕಾಸರಕದ ಬೀಜದಲ್ಲಿ ಇರುವುದು ಸ್ಟ್ರಿಕ್ನಿನ್ ಅನ್ನುವ ವಿಷ. ಶುದ್ಧಿ ಮಾಡಿ ಆಯುರ್ವೇದದಲ್ಲಿ ಬಳಸುತ್ತಾರೆ, ಓಟದ ಪಟ್ಟಿಯಲ್ಲಿ ಅದಕ್ಕೂ ನಿಷೇಧ ಇದೆ. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ಥಾಮಸ್ ಹಿಕ್ಸ್ ಅನ್ನುವವನಿಗೆ ದಾರಿಯಲ್ಲಿ ಇದೇ ಸ್ಟ್ರಿಕ್ನಿನ್ನನ್ನು ಮೊಟ್ಟೆಯ ಬಿಳಿ, ಬ್ರಾಂಡಿ ಜೊತೆ ಕೊಟ್ಟು ಓಡಿಸಿದರು. ಗೆದ್ದ. ಹೊತ್ತುಕೊಂಡು ಹೋಗುವ ಸ್ಥಿತಿಯಲ್ಲಿ ಗೆದ್ದ. ಆಗ ನಿಷೇಧ ಇರಲಿಲ್ಲ ಅಷ್ಟೇ. ನಮ್ಮ ಉಡುಪಿ ಕಡೆಯ ಅಶ್ವಿನಿ ಅಕ್ಕುಂಜಿಯ ವಿಷಯ ಇನ್ನೂ ಹತ್ತಿರದ್ದು. 2010ರ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ. 2011ರಲ್ಲಿ ಸ್ಟೀರಾಯ್ಡ್ ಸಿಕ್ಕಿತು. ಕೋಚ್ ಚೀನಾದಿಂದ ತಂದು ಕೊಟ್ಟ ಜಿನ್ಸೆಂಗ್ ತಗೊಂಡಿದ್ದೆವು ಅಂದರು. ಇಲ್ಲಿ ಒಂದು ವರ್ಷ ಅಂದಿದ್ದ ಶಿಕ್ಷೆ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯಕ್ಕೆ ಹೋಗಿ ಎರಡಾಯಿತು. ಕೋಚ್ ಕೊಟ್ಟಿದ್ದು ಅನ್ನುವ ಮಾತು ನಿನ್ನನ್ನು ಉಳಿಸುವುದಿಲ್ಲ, ತಿಳಿಯಿತಾ?

ಇಲ್ಲಿಯವರೆಗೆ ಬರೆದದ್ದು ಎಚ್ಚರದ ಮಾತು. ನಾನು ಹೇಳಬೇಕಾದದ್ದು ಬೇರೆ ಇದೆ. ಹೋದ ಸಲ ಬಂದಾಗ ನೀನು ಅಂದೆ, “ಥೈರಾಯ್ಡ್ ಮಾತ್ರೆ ಲಿಸ್ಟಿನಲ್ಲಿ ಇಲ್ಲ ಕಾಕಾ, ತೂಕ ಇಳಿಯುತ್ತೆ, ಕೆಲವರು ತಗೋತಾರೆ” ಅಂತ. ಹೌದು, ಇಲ್ಲ. ಬೆಳಗ್ಗೆ ಖಾಲಿ ಹೊಟ್ಟೆಗೆ ನುಂಗುವ ಆ ಬಿಳಿ ಡಬ್ಬಿ ಮಾತ್ರೆ ನಮ್ಮ ಅಂಗಡಿಯಿಂದ ಅತಿ ಹೆಚ್ಚು ಹೋಗುವುದರಲ್ಲಿ ಒಂದು. ಅಮೆರಿಕದ ಆಲ್ಬರ್ಟೊ ಸಲಜಾರ್ ಅನ್ನುವ ದೊಡ್ಡ ಕೋಚ್ ಇದ್ದ. ಹೆರಿಗೆಯ ನಂತರ ತೂಕ ಇಳಿಸಲು ತನಗೆ ಚೀಟಿಯಿಲ್ಲದೆ ಥೈರಾಯ್ಡ್ ಔಷಧ ಕೊಟ್ಟ ಅಂತ ಅವನ ಹಳೇ ಓಟಗಾರ್ತಿ ಕಾರಾ ಗೌಚರ್ 2015ರಲ್ಲಿ ಆರೋಪ ಮಾಡಿದರು. ಅವನು ಇಲ್ಲ ಅಂದ. 2019ರಲ್ಲಿ ಅವನಿಗೆ ನಾಲ್ಕು ವರ್ಷ ನಿಷೇಧ ಬಿದ್ದದ್ದು ಬೇರೆ ಕಾರಣಕ್ಕೆ: ಮಿತಿ ಮೀರಿದ ಎಲ್-ಕಾರ್ನಿಟೈನ್ ಡ್ರಿಪ್ಪು, ಟೆಸ್ಟೋಸ್ಟೆರೋನ್ ವ್ಯವಹಾರ, ತನಿಖೆಗೆ ಅಡ್ಡಿ. ಎಷ್ಟು ಹಚ್ಚಿದರೆ ಪರೀಕ್ಷೆಯಲ್ಲಿ ಸಿಗುತ್ತದೆ ಅಂತ ನೋಡಲು ಟೆಸ್ಟೋಸ್ಟೆರೋನ್ ಜೆಲ್ಲನ್ನು ತನ್ನ ಸ್ವಂತ ಮಕ್ಕಳ ಮೈಗೇ ಹಚ್ಚಿಸಿದ್ದನಂತೆ. ಗೆರೆ ಎಲ್ಲಿದೆ ಅಂತ ದಿನಾ ಅಳೆಯುತ್ತಾ ಕೂತರೆ ಮನುಷ್ಯ ಅಲ್ಲಿಗೆ ಹೋಗಿ ಮುಟ್ಟುತ್ತಾನೆ.

ರೋಗ ಇದ್ದರೆ ಔಷಧ ತಗೋ. ನಾಚಿಕೆ ಬೇಡ. ನಿಷೇಧದ ಔಷಧವೇ ಬೇಕಾದರೂ ನಮ್ಮ ದೇಶದ ಡೋಪಿಂಗ್ ತಡೆ ಸಂಸ್ಥೆ ನಾಡಾಕ್ಕೆ ಟಿಯುಇ, ಅಂದರೆ ಚಿಕಿತ್ಸೆಗಾಗಿ ವಿನಾಯಿತಿ ಕೇಳುವ ಅರ್ಜಿ ಹಾಕಿ, ಡಾಕ್ಟರ ಕಾಗದ ಕೊಟ್ಟು, ಒಪ್ಪಿಗೆ ತಗೊಂಡು ಓಡಬಹುದು. ಆದರೆ ಮಾತ್ರೆ ಮೊದಲು ಆರಿಸಿ, ಆಮೇಲೆ ಅದಕ್ಕೆ ಹೊಂದುವ ರೋಗ ಹುಡುಕಬೇಡ. ಥೈರಾಯ್ಡ್ ಸರಿ ಇದ್ದವರು ಆ ಮಾತ್ರೆ ನುಂಗಿದರೆ ಎದೆ ಡವಡವ, ನಿದ್ದೆ ಇಲ್ಲ, ಮುಂದೆ ಎಲುಬು ಸವೆತ. ದಿನಾ ಆರ್.ಎನ್. ಶೆಟ್ಟಿ ಸ್ಟೇಡಿಯಂ ಸುತ್ತುವ ಹುಡುಗಿಗೆ ಎಲುಬು ಸವೆದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾ?

ಇನ್ನೊಂದು. ನಿನ್ನನ್ನು ಸೋಲಿಸಿದವಳ ಬಗ್ಗೆ “ಅವಳೂ ಏನೋ ತಗೋತಾಳೆ” ಅಂತ ಬರೆದಿದ್ದೀ. ಬೇಡ. ನಮ್ಮ ದೇಶದ ಹೆಸರು ಕೆಟ್ಟಿದೆ, ಒಪ್ಪುತ್ತೇನೆ. 2023ರಲ್ಲಿ 5,606 ಮಾದರಿಗಳಲ್ಲಿ 213 ಸಿಕ್ಕಿಬಿದ್ದವು. ಆದರೂ ಓಟಗಾರ ಬರ್ನಾರ್ಡ್ ಲಗಾಟ್‌ನನ್ನು ನೆನಪಿಡು. 2003ರಲ್ಲಿ ಮೊದಲ ಮಾದರಿಯಲ್ಲಿ ಇಪಿಒ ಅಂದರು, ವಿಶ್ವ ಚಾಂಪಿಯನ್‌ಶಿಪ್ ತಪ್ಪಿತು, ಎರಡನೇ ಮಾದರಿಯಲ್ಲಿ ಏನೂ ಇಲ್ಲ. 2007ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 1500, 5000 ಮೀಟರ್ ಎರಡೂ ಗೆದ್ದ. ನಿನಗೆ ಕಣ್ಣಾರೆ ಏನಾದರೂ ಕಂಡಿದ್ದರೆ ನಾಡಾಕ್ಕೆ ತಿಳಿಸು. ಇಲ್ಲವಾದರೆ ಹಾಸ್ಟೆಲಿನಲ್ಲಿ ಬಾಯಿ ಬಿಡಬೇಡ.

ಸೋಮವಾರವೇ ಡಾಕ್ಟರ ಹತ್ತಿರ ಹೋಗು. ನಾನು ಓಟಗಾರ್ತಿ, ನನಗೆ ಪರೀಕ್ಷೆ ಇರುತ್ತದೆ ಅಂತ ಮೊದಲೇ ಹೇಳು. ನಾಡಾದವರ ‘ನೋ ಯುವರ್ ಮೆಡಿಸಿನ್’ ಆ್ಯಪ್ ಫೋನಿಗೆ ಹಾಕಿಕೋ. ಯಾವ ಸ್ಟ್ರಿಪ್ಪಾದರೂ ಹಿಂದೆ ಮುಂದೆ ಎರಡೂ ಕಡೆ ಫೋಟೋ ತೆಗೆದು ನನಗೂ ಕಳಿಸು. ರಾತ್ರಿ ಹನ್ನೊಂದಾದರೂ ಸರಿ, ನೋಡುತ್ತೇನೆ. ಊಟ ಆದ ಕೂಡಲೇ ಚಹಾ ಕುಡಿಯುವುದು ನಿಲ್ಲಿಸು, ಕಬ್ಬಿಣ ಮೈಗೆ ಹತ್ತುವುದಿಲ್ಲ. ಪಲ್ಯಕ್ಕೆ ಲಿಂಬು ಹಿಂಡಿಕೋ. ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಖಡಕ್ ರೊಟ್ಟಿ ಗುರುವಾರ ಕಟ್ಟಿ ಧಾರವಾಡದ ಬಸ್ಸಿಗೆ ಕೊಡುತ್ತೇನೆ, ಬಸ್ ನಂಬರ್ ಮೆಸೇಜ್ ಮಾಡುತ್ತೇನೆ.

ನಿನ್ನ ಕಾಕಾ

ತಾ.ಕ.: ನಿನ್ನ ಕಪಾಟಿನಲ್ಲಿ ಹೋದ ಮಳೆಗಾಲದ ಸಿರಪ್ ಬಾಟಲಿ ಇನ್ನೂ ಇದೆ ಅಂತ ನಿಮ್ಮವ್ವ ಹೇಳಿದಳು. ಲೇಬಲ್ಲಿನ ಫೋಟೋ ಇವತ್ತೇ ಕಳಿಸು. ಕುಡಿಯಬೇಡ.